ಬೋರಲು ಹಾಕಿದ ಆನೆ

ಜಮಖಂಡಿ
3 ನವೆಂಬರ್ 2024

ಪ್ರಿಯ ದುರಗೇಶ,

ಇಪ್ಪತ್ತೊಂದು ವರ್ಷದ ಮೇಲೆ ನನ್ನ ಅಕ್ಷರದ ಗುರುತು ಹತ್ತಿತೋ ಇಲ್ಲವೋ. ನಾನು ಶಿವಯೋಗಿ. ಬನಹಟ್ಟಿಯ ಈರಪ್ಪ ಕಾಕಾನ ಮಗ್ಗದ ಮನೆಯ ಕಟ್ಟೆಯ ಮೇಲೆ ನಿನ್ನೆದುರು ಕೂತು ಚೆಸ್ ಕಲಿತವನು. ಫೋನ್ ಮಾಡಬಹುದಿತ್ತು. ನಿನ್ನ ನಂಬರು ಸಂಪಾದಿಸಿ ಮೂರು ಸಲ ಹಚ್ಚಿದೆ, ಮೂರು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಬೇಸಿಗೆ ರಜೆಯಲ್ಲಿ ನೀನು ಹುನ್ನೂರಿಗೆ, ನಿಮ್ಮ ಅಜ್ಜಿ ಯಂಕವ್ವಾಯಿಯ ಮನೆಗೆ ಹೋದಾಗ ನಾವು ಅಂಚೆ ಕಾರ್ಡಿನಲ್ಲಿ ಆಡುತ್ತಿದ್ದೆವಲ್ಲ, ಒಂದು ಕಾರ್ಡಿಗೆ ಒಂದು ನಡೆ. ರಜೆ ಮುಗಿಯುವಷ್ಟರಲ್ಲಿ ಆರು ನಡೆ ಆಗಿದ್ದರೆ ಹೆಚ್ಚು. ಅದು ನೆನಪಾಗಿ ಕಾಗದ ಹಿಡಿದೆ.

ಕೆಲಸದ ಮಾತಿಗೆ ಬರುತ್ತೇನೆ. ಕಾಕಾ ತೀರಿಕೊಂಡು ಮಾರ್ಚಿಗೆ ವರ್ಷವಾಗುತ್ತದೆ. ಅವನ ಹತ್ತಿರ ಕಲಿತವರೆಲ್ಲ ಸೇರಿ ಒಂದು ನೆನಪಿನ ಪುಸ್ತಿಕೆ ತರುತ್ತಿದ್ದಾರೆ. ಈಗ ಅಲ್ಲಿ ಚೆಸ್ ಕ್ಲಾಸು ನಡೆಸುವ ಬಸವಕುಮಾರನೇ ಸಂಪಾದಕ. ಅವನಿಗೆ 2003ರ ಜಮಖಂಡಿ ಫೈನಲ್ ಬೇಕಂತೆ, ನಮ್ಮಿಬ್ಬರ ಆಟ. ಕಾಕಾನ ಶಿಷ್ಯರಿಬ್ಬರೇ ಫೈನಲ್ಲಿಗೆ ಬಂದದ್ದು ಅದೊಂದೇ ಸಲ. ನಾನು ಗೆದ್ದವನಾದ್ದರಿಂದ ವಿಶ್ಲೇಷಣೆಯನ್ನೂ ನಾನೇ ಬರೆಯಬೇಕಂತೆ.

ನನ್ನ ನಡೆಗಳ ಹಾಳೆಯ ಕೊನೆಯ ಭಾಗಕ್ಕೆ ಗೆದ್ದಲು ಹತ್ತಿದೆ. ನಿನ್ನ ಹಾಳೆ ಇದ್ದರೆ ಕಳಿಸು. ನೆನಪಿದ್ದಷ್ಟು ಹೇಳುತ್ತೇನೆ. ನಮ್ಮ ವಜೀರರಿಬ್ಬರೂ ಆಗಲೇ ಹೊಡೆದುಕೊಂಡು ಹೋಗಿದ್ದರು (ಪುಸ್ತಕದವರು ರಾಣಿ ಅನ್ನುತ್ತಾರೆ, ನಮ್ಮ ಕಟ್ಟೆಯಲ್ಲಿ ವಜೀರನೇ). ನನ್ನದೊಂದು ಪ್ಯಾದೆ ಬಿ ಸಾಲಿನಲ್ಲಿ, ನಿನ್ನದೊಂದು ಎಫ್ ಸಾಲಿನಲ್ಲಿ, ಎರಡಕ್ಕೂ ಎದುರು ತಡೆಯುವವರಿಲ್ಲ. ನಾನು ಮೊದಲು ತುದಿ ಮುಟ್ಟಿ ವಜೀರನನ್ನು ಇಟ್ಟೆ. ಆಮೇಲೆ ನೀನೂ ಮುಟ್ಟಿದೆ. ಮುಂದೆ ಒಂದು ನಡೆಗೆ ಆಟ ಮುಗಿಯಿತು. ಓದುವವರಿಗೆ ತೊಡಕಾಗುವ ಅಂತ್ಯ ಅದು. ಬಿಡಿಸಿ ಬರೆಯಬೇಕು.

ನೀನಿರುವ ತಿಮ್ಮಾಪುರ ನನ್ನ ಮನೆಯಿಂದ ತಾಸಿನ ದಾರಿ. ಇಷ್ಟು ವರ್ಷ ಬರಲಿಲ್ಲ ಅಂತ ಬೇಜಾರಾಗಬೇಡ.

ನಿನ್ನ
ಶಿವಯೋಗಿ

*

ತಿಮ್ಮಾಪುರ
14-11-2024

ಶಿವಯೋಗಿ ಮಾಸ್ತರರಿಗೆ ದುರಗೇಶನ ನಮಸ್ಕಾರ್ರಿ.

ಕಾಗದ ಮುಟ್ಟೇತಿ. ಕಾಕಾ ಹೋದ ಸುದ್ದಿ ನನಗ ತಿಂಗಳಾದಮ್ಯಾಲ ಗೊತ್ತಾತು. ನನ್ನ ಹಾಳಿ ಐತ್ರಿ, ಗೆದ್ದಲ ಹತ್ತಿಲ್ಲ. ಕಳಸಾಕ ಅಡ್ಡಿ ಇಲ್ಲ. ಆದ್ರ "ನೀನೂ ಮುಟ್ಟಿದೆ" ಅಂತ ಬರದೀರಿ. ಮುಟ್ಟಿ ನಾ ಏನ ಇಟ್ಟೆ ಅನ್ನೂದು ಬರದಿಲ್ಲ. ಮೊದ್ಲ ಅದನ್ನ ನಿಮ್ಮ ಕೈಲೆ ಬರೀರಿ, ಆಮ್ಯಾಲ ಹಾಳಿ ಕಳಸ್ತೇನಿ.

ನಾ ಕೆಲಸಕ್ಕಿರೂ ನಾಯಿ ಸಾಕೂ ಕೇಂದ್ರದಾಗ ನಾಯಿಗೋಳು ಆರಾಮ ಅದಾವು. ನಾನೂ ಆರಾಮ.

ದುರಗೇಶ

*

ಜಮಖಂಡಿ
24 ನವೆಂಬರ್ 2024

ಪ್ರಿಯ ದುರಗೇಶ,

ನನಗೆ 'ರೀ' ಅಂದೆಯಲ್ಲ ಮಾರಾಯ. ಕಾರ್ಡನ್ನು ಸ್ಟಾಫ್ ರೂಮಿನಲ್ಲಿ ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡೆ. ನೀನು ಇವತ್ತಿಗೂ ಮಾತಾಡಿದಂತೆಯೇ ಬರೆಯುತ್ತೀ. ಓದುವಾಗ ನಿನ್ನ ದನಿಯೇ ಕೇಳಿತು, ಆ 'ರೀ' ಒಂದನ್ನು ಬಿಟ್ಟು.

ಸರಿ, ಬರೆಯುತ್ತೇನೆ. ನೀನು ಆನೆ ಇಟ್ಟೆ. ಬೋರಲು ಹಾಕಿದ ಆನೆ. ಪುಸ್ತಿಕೆ ಓದುವ ಹೊರಗಿನವರಿಗೆ ತಿಳಿಯಲಿ ಅಂತ ಹೀಗೆ ಬಿಡಿಸಿ ಬರೆಯುತ್ತೇನೆ: ಕಾಕಾನ ಹತ್ತಿರ ಇದ್ದದ್ದು ಒಂದೇ ಕಟ್ಟಿಗೆಯ ಸೆಟ್ಟು. ಪ್ಯಾದೆ ತುದಿ ಮುಟ್ಟಿದಾಗ ವಜೀರ ಕೈಗೆ ಸಿಗದಿದ್ದರೆ ಹೊಡೆದ ಆನೆಯೊಂದನ್ನು ತಲೆಕೆಳಗು ಮಾಡಿ ಇಡುವುದು. ಅದು ವಜೀರ. ಕಟ್ಟೆಯಲ್ಲಿ ಕಲಿತ ಯಾರಿಗೂ ಅದರ ಬಗ್ಗೆ ಅನುಮಾನವೇ ಇರಲಿಲ್ಲ, ನನಗೂ.

ಆವತ್ತು ನಿನ್ನ ಗಡಿಯಾರದಲ್ಲಿ ಅರ್ಧ ನಿಮಿಷ ಉಳಿದಿತ್ತು. ಮೇಜಿನ ಮೇಲೆ ನಿನ್ನ ಕರಿ ವಜೀರ ಸಿಗಲಿಲ್ಲ. ಆನೆಯನ್ನು ಬೋರಲು ಹಾಕಿ ನನ್ನ ರಾಜನಿಗೆ 'ಶಹ' ಅಂದೆ (ಪುಸ್ತಕದವರ 'ಚೆಕ್'). ಹೊರಗಿನಿಂದ ಬಂದಿದ್ದ ನಿರ್ಣಾಯಕರು ಬಗ್ಗಿ ನೋಡಿ, "ಎಲ್ಲಿದೆ ಶಹ? ಇದು ಆನೆ. ಆನೆ ಓರೆಗೆ ಹೋಗುತ್ತದೆಯೇ?" ಅಂದರು. ನಿಯಮದ ಪುಸ್ತಕದಲ್ಲಿ ಅವರದೇ ಸರಿ. ಬೋರಲು ಇದ್ದರೂ ಆನೆ ಆನೆಯೇ. ಕಾಕಾ ಹೊರಗೆ ವರಾಂಡದಲ್ಲಿದ್ದ, ಒಳಗೆ ಬಿಡುತ್ತಿರಲಿಲ್ಲ. ನೀನು ನನ್ನ ಮುಖ ನೋಡಿದೆ. ನಾನು ಸುಮ್ಮನಿದ್ದೆ. ಆಮೇಲೆ ನನ್ನ ವಜೀರನನ್ನು ಬಿ5ಕ್ಕೆ ತಂದು ನಿನ್ನ ಆನೆಗೆ ಗುರಿಯಿಟ್ಟೆ. ನೀನು ಸೋತೆ ಅಂತ ನಿನ್ನ ರಾಜನನ್ನು ಮಲಗಿಸಿ ಎದ್ದು ಹೋದೆ.

ಆದರೆ ದುರಗೇಶ, ಮೂರು ವಾರದಿಂದ ಬೋರ್ಡು ಹಾಸಿಕೊಂಡು ಕೂತಿದ್ದೇನೆ. ಅದು ವಜೀರನೇ ಆಗಿದ್ದರೂ ಆಟ ಸಮ! ನೋಡು. ನನ್ನ ರಾಜ ಎ6, ವಜೀರ ಬಿ8. ನಿನ್ನ ರಾಜ ಎಚ್7, ಹೊಸ ವಜೀರ ಎಫ್1, ಮತ್ತೆ ಜಿ7ರಲ್ಲಿ ಅಲುಗದ ಇನ್ನೊಂದು ಪ್ಯಾದೆ. ನಿನ್ನ ಓರೆ ಶಹಕ್ಕೆ ನಾನು ಬಿ5ರಲ್ಲಿ ವಜೀರನನ್ನು ಅಡ್ಡ ಹಾಕುತ್ತಿದ್ದೆ. ವಜೀರನಿಗೆ ವಜೀರ ಹೋದ, ನನ್ನ ರಾಜ ಬಿ5ಕ್ಕೆ ಬಂದ. ಇನ್ನು ನಿನ್ನ ಪ್ಯಾದೆ ಓಡಲಿ. ನನ್ನ ರಾಜ ಸಿ4, ಡಿ4, ಇ3, ಎಫ್2, ಸರಿಯಾಗಿ ಬಾಗಿಲಲ್ಲೇ ಹಿಡಿಯುತ್ತಾನೆ. ಅಂದರೆ ನಾನು ನಿನ್ನಿಂದ ತಗೊಂಡದ್ದು ಹೆಚ್ಚೆಂದರೆ ಅರ್ಧ ಅಂಕ. ಇದನ್ನು ಕಂಡ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ನೀನೂ ಒಮ್ಮೆ ನೋಡು.

ಶಿವಯೋಗಿ

*

ತಿಮ್ಮಾಪುರ
6-12-2024

ಮಾಸ್ತರರಿಗೆ,

ಹಾಳಿ ಇದರ ಜೋಡಿ ಬ್ಯಾರೆ ಲಕೋಟೆದಾಗ ಕಳಸೇನಿ.

ನಾ ಪ್ಯಾದಿ ಯಾಕ ಓಡಸ್ಲಿರಿ? ಅದು ಜಿ7ರಾಗ ಕುಂದ್ರಲಿ. ವಜೀರ ಹೋದಮ್ಯಾಲ ನನ್ನ ರಾಜ ಎದ್ದ ಹೊಂಡತಾನ. ಜಿ6, ಎಫ್5, ಎಫ್4, ಜಿ3. ನಿಮ್ಮ ರಾಜ ಬರೂದ್ರಾಗ ದಾರಿ ಕಟ್ಟಿ ನಿಂತಿರ್ತಾನ. ಪ್ಯಾದಿ ಆಮ್ಯಾಲ ಸಾವಕಾಶ ನಡಕೋಂತ ಬರತೈತಿ. ಬಿ5 ಬ್ಯಾಡಂತ ರಾಜನ್ನ ಸರಿಸಿದ್ರಂತೂ ಇನ್ನೊಂದೆರಡು ಶಹಕ್ಕ ಅವಾ ಬಿ ಸಾಲಿಗೆ ಬರಾಕಬೇಕು. ಅವನ ಹಿಂದ ನಿಮ್ಮ ವಜೀರ. ರಾಜ ಸರದ, ವಜೀರ ಹೋತು.

ಅರ್ಧ ಅಲ್ರಿ. ಪೂರ್ತಿ.

ಇನ್ನೊಂದು. ನೀವು ಸುಮ್ಮನಿದ್ದೆ ಅಂತ ಬರದೀರಿ. ಸುಮ್ಮನಿರಲಿಲ್ಲ. ನಿರ್ಣಾಯಕ ಸಾಹೇಬ್ರು ನಿಮ್ಮನ್ನ ಕೇಳಿದ್ರು, ನಿಮ್ಮ ಕಡೆ ಹಿಂಗ ಆಡ್ತಾರೇನು ಅಂತ. "ನನಗ ಗೊತ್ತಿಲ್ಲ ಸರ್" ಅಂದ್ರಿ. ನನ್ನ ಕಿವಿ ಛಲೋ ಅದಾವು.

ದುರಗೇಶ

*

ಜಮಖಂಡಿ
22 ಡಿಸೆಂಬರ್ 2024

ದುರಗೇಶ,

ಅಂದೆ. "ಗೊತ್ತಿಲ್ಲ ಸರ್" ಅಂತಲೇ ಅಂದೆ. ಸುಮ್ಮನಿದ್ದೆ ಎಂದು ನಾನೇ ನಂಬಿಕೊಂಡು ಎಷ್ಟು ವರ್ಷವಾಯಿತೋ.

ನಿನ್ನ ನಡೆಗಳನ್ನು ಮಗಳ ಫೋನಿನ ಚೆಸ್ಸಿಗೆ ಹಾಕಿ ನೋಡಿದೆ. ಅದು ಅರೆಗಳಿಗೆಯೂ ಯೋಚಿಸಲಿಲ್ಲ. ಕರಿ ಗೆಲ್ಲುತ್ತದೆ ಅಂತ ತೋರಿಸಿತು. ವೈಶಾಲಿ ಪಕ್ಕದಲ್ಲೇ ಇದ್ದಳು. "ಪಪ್ಪಾ, ಇದು ನಿಮ್ಮ ಡಾಲಿನ ಆಟ ಅಲ್ರಿ? ನೀವು ಬಿಳಿ ಅಲ್ಲೇನು?" ಅಂದಳು. ಬೇರೆ ಯಾವುದೋ ಆಟ ಅಂದೆ. ನೋಡು, ಇವತ್ತಿಗೂ ನನ್ನ ಬಾಯಿಗೆ ಮೊದಲು ಬರುವುದು ಅದೇ.

ಫೈನಲ್ ಗೆದ್ದದ್ದಕ್ಕೆ ಕೊಟ್ಟ ಆ ಡಾಲು, ಆ ಶೀಲ್ಡು, ನಮ್ಮ ಶೋಕೇಸಿನ ನಡುವೆ ಇದೆ. ಆ ಗೆಲುವಿನಿಂದ ರಾಜ್ಯಮಟ್ಟಕ್ಕೆ ಹೋದೆ, ಆ ಸರ್ಟಿಫಿಕೇಟಿನ ಮೇಲೆ ಕ್ರೀಡಾ ಕೋಟಾದಲ್ಲಿ ಸೀಟು, ಸೀಟಿನಿಂದ ಪಿ.ಟಿ. ಮಾಸ್ತರಿಕೆ. ಹದಿನಾರು ವರ್ಷದಿಂದ ಮಕ್ಕಳಿಗೆ ಚೆಸ್ ಕಲಿಸುತ್ತಿದ್ದೇನೆ. ಮೊದಲ ದಿನದ ಮೊದಲ ಪಾಠ ಏನು ಗೊತ್ತೇ? "ಆನೆಯನ್ನು ಬೋರಲು ಹಾಕಬೇಡಿ. ಗಡಿಯಾರ ನಿಲ್ಲಿಸಿ ವಜೀರನನ್ನು ಕೇಳಿ ತಗೊಳ್ಳಿ." ಒಮ್ಮೆ ಹೀಗೆ ಇಟ್ಟವರ ಆಟವನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದೇನೆ. ಎಷ್ಟು ಕಟ್ಟುನಿಟ್ಟಿನ ಮಾಸ್ತರರು ಅಂತ ಹೊಗಳುತ್ತಾರೆ. ಹೊಗಳಿಸಿಕೊಂಡು ಮನೆಗೆ ಬರುತ್ತೇನೆ.

ಒಂದು ದಾರಿ ಹೊಳೆದಿದೆ. ನಿನ್ನ ಹಾಳೆಯೂ ಸಿಗಲಿಲ್ಲ ಅಂತ ಬಸವಕುಮಾರನಿಗೆ ಹೇಳಿಬಿಡುತ್ತೇನೆ. ಆಟ ಪುಸ್ತಿಕೆಯಲ್ಲಿ ಬರುವುದೇ ಬೇಡ. ಯಾರಿಗೂ ನೋವಿಲ್ಲ. ನೀನು ಹೂಂ ಅಂದರೆ ಸಾಕು.

ಒಂದು ಮಾತ್ರ ತಿಳಿಯುತ್ತಿಲ್ಲ. ನೀನು ಯಾಕೆ ಅಷ್ಟು ಬೇಗ ರಾಜನನ್ನು ಮಲಗಿಸಿದೆ? ಜಗಳ ಮಾಡಬಹುದಿತ್ತು, ಕಾಕಾನನ್ನು ಒಳಗೆ ಕರೆಸಬಹುದಿತ್ತು.

ಶಿವಯೋಗಿ

*

ತಿಮ್ಮಾಪುರ
9-1-2025

ಮಾಸ್ತರರಿಗೆ,

ನಾ ಹೂಂ ಅನ್ನೂದಿಲ್ಲ.

ಆನಿ ಆನಿನ ಅಂತ ಹಿಡೀರಿ, ಸಾಹೇಬ್ರು ಹೇಳಿದಂಗ. ಆದ್ರೂ ನಾ ಸೋತಿರಲಿಲ್ಲ. ನೀವು ಬಿ5ಕ್ಕ ವಜೀರನ್ನ ತಂದ್ರಿ. ನಾ ಆನಿನ್ನ ನೆಟ್ಟಗ ಎಫ್6ಕ್ಕ ಒಯ್ದಿದ್ರ ನಿಮ್ಮ ರಾಜಗ ಶಹ. ಆನಿಗೆ ಜಿ7 ಪ್ಯಾದಿ ಕಾವಲ. ಮುಂದ ಎಫ್6, ಎಚ್6 ಅಂತ ಅಡ್ಡಾಡಕೋಂತ ಇದ್ರ ನಿಮ್ಮ ವಜೀರ ವರ್ಷಗಟ್ಲೆ ಸುತ್ತು ಹಾಕಿದ್ರೂ ಒಳಗ ಬರಾಕ ಆಗೂದಿಲ್ಲ. ಸಮ ಆಗ್ತಿತ್ತು. ಅದು ನನಗ ಅಲ್ಲೇ ಕಂಡಿತ್ತು.

ಆದ್ರೂ ಯಾಕ ಮಲಗಿಸಿದೆ ಅಂತ ಕೇಳೀರಿ. ಅದನ್ನ ನಿಮ್ಮ ಎಡಗೈನ ಕೇಳ್ರಿ.

ಆಟ ಆದಮ್ಯಾಲ ಒಂದ ವಾರ ಕಾದೆ, ನೀವ ಹೇಳ್ತೀರಿ ಅಂತ.

ದುರಗೇಶ

*

ಜಮಖಂಡಿ
2 ಫೆಬ್ರುವರಿ 2025

ದುರಗೇಶ,

ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ಮೊದಲ ಎರಡು ವಾರ ಅದನ್ನು ಮತ್ತೆ ಓದುವ ಧೈರ್ಯ ಬರಲಿಲ್ಲ. ನೀನು ನೋಡಿದ್ದೆ. ಇಷ್ಟು ವರ್ಷ ನಾನು ಒಬ್ಬನೇ ಬಲ್ಲೆ ಅಂದುಕೊಂಡು ಮುಚ್ಚಿಟ್ಟಿದ್ದನ್ನು ನೀನು ಮೊದಲ ದಿನದಿಂದ ಬಲ್ಲೆ.

ಹೊಡೆದ ಕಾಯಿಯನ್ನು ಎಡಗೈಯಲ್ಲಿ ಹಿಡಿದು ಮೇಜಿನ ಕೆಳಗೆ ಉರುಳಿಸುತ್ತ ಕೂರುವುದು ನನ್ನ ಚಟ. ಕಾಕಾ ಬೈಯುತ್ತಿದ್ದ: "ಕೈ ಮ್ಯಾಲ ಇಡಲೇ ಶಿವ್ಯಾ, ಕಾಯಿ ಏನ ಶೇಂಗಾ ಅದಾವೇನು?" ಆವತ್ತು ನಿನ್ನ ಕರಿ ವಜೀರ ನನ್ನ ಎಡ ಮುಷ್ಟಿಯಲ್ಲಿದ್ದ. ನೀನು ಮೇಜಿನ ಮೇಲೆ ಕೈಯಾಡಿಸಿ ಹುಡುಕಿದೆ. ಗಡಿಯಾರ ಓಡುತ್ತಿತ್ತು. ಮುಷ್ಟಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದರೆ ಮುಗಿದಿತ್ತು.

ಮರೆತಿದ್ದೆ ಅಂತ ಬರೆಯೋಣ ಅಂದುಕೊಂಡೆ. ಬರೆದೂ ಇದ್ದೆ, ಆ ಹಾಳೆಯನ್ನು ಹರಿದು ಹಾಕಿದೆ. ಮರೆತಿರಲಿಲ್ಲ, ದುರಗೇಶ. ನಿನ್ನ ಬೆರಳು ಹುಡುಕುವುದನ್ನು ನೋಡುತ್ತ ನಾನು ಮುಷ್ಟಿಯನ್ನು ಬಿಗಿ ಮಾಡಿದೆ. ವಜೀರನ ಕಿರೀಟದ ಹಲ್ಲುಗಳು ಅಂಗೈಗೆ ಚುಚ್ಚಿದ್ದು ಇನ್ನೂ ನೆನಪಿದೆ. ನೀನು ಗೆಲ್ಲುತ್ತೀ ಅನ್ನುವುದು ನನಗೆ ಗೊತ್ತಾಗಿತ್ತು.

ಅದಕ್ಕಿಂತ ಹೊಲಸು ಆಮೇಲಿನದು. ಸೆಟ್ಟು ಕಾಕಾನದು, ಫೈನಲ್ಲಿಗೆ ಅಂತ ಅವನು ಅಭಿಮಾನದಿಂದ ತಂದಿದ್ದು. ಕಾಯಿ ಎಣಿಸುವಾಗ ಒಂದು ಕಡಿಮೆ ಬಿತ್ತು. ವರಾಂಡದಲ್ಲಿ ಎಲ್ಲರೆದುರು ಅವನು ನಿನ್ನನ್ನೇ ಕೇಳಿದ: "ಸೋತ ಸಿಟ್ಟಿನಾಗ ವಜೀರನ್ನ ಒಯ್ದಿಯೇನಲೇ ದುರಗ್ಯಾ?" ನೀನು ಎರಡೂ ಕಿಸೆ ಹೊರಳಿಸಿ ಝಾಡಿಸಿ ತೋರಿಸಿದೆ. ಒಂದು ಬಸ್ ಟಿಕೀಟು ಬಿತ್ತು. ನಾನು ಮೂರು ಮಾರು ದೂರದಲ್ಲಿ ನನ್ನ ಕಿಸೆಯಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ. ನನ್ನ ಕಿಸೆಯನ್ನು ಯಾರೂ ಕೇಳಲಿಲ್ಲ. ಯಾಕೆ ನಿನ್ನನ್ನೇ ಕೇಳಿದರು, ನನ್ನನ್ನು ಯಾಕೆ ಕೇಳಲಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಯಾವ ಮನೆಯವನು, ನೀನು ಯಾವ ಓಣಿಯವನು ಅನ್ನುವುದರ ಮರೆಯಲ್ಲಿ ನಾನು ಬಚಾವಾದೆ. ಆವತ್ತಿನಿಂದ ನೀನು ಕಟ್ಟೆಗೆ ಬರಲಿಲ್ಲ.

ಆ ವಜೀರ ನನ್ನ ಹತ್ತಿರವೇ ಇದ್ದಾನೆ. ಎಸೆಯಲು ಆಗಲಿಲ್ಲ, ಇಡಲು ಜಾಗ ಸಿಗಲಿಲ್ಲ. ಯಾರೂ ಕೈ ಹಾಕುವುದಿಲ್ಲ ಅಂತ ದೇವರ ಜಗಲಿಯ ಮೇಲಿನ ಹಳೆಯ ವಿಭೂತಿ ಡಬ್ಬಿಯ ತಳದಲ್ಲಿಟ್ಟೆ. ನಿನ್ನೆ ತೆಗೆದು ನೋಡಿದೆ. ಕರಿ ಮೈಯೆಲ್ಲ ಬೂದಿ ಹತ್ತಿ ಬೆಳ್ಳಗಾಗಿದೆ. ದಿನಾ ಪೂಜೆಗೆ ಕೂತಾಗ ಆ ಡಬ್ಬಿಯ ಎದುರೇ ಕಣ್ಣು ಮುಚ್ಚುತ್ತಿದ್ದೆ. ನನಗೆ ನನ್ನ ಮೇಲೆ ಹೇಸಿಗೆ ಬಂದಿದೆ.

ಕ್ಷಮಿಸು ಅಂತ ಕೇಳಲು ಈ ಕಾಗದ ಬರೆದಿಲ್ಲ. ಕೇಳುವ ಬಾಯಿ ನನಗಿಲ್ಲ.

ಶಿವಯೋಗಿ

*

ಜಮಖಂಡಿ
2 ಮಾರ್ಚ್ 2025

ದುರಗೇಶ,

ನಿನ್ನ ಉತ್ತರ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ಆದದ್ದನ್ನು ತಿಳಿಸುತ್ತೇನೆ, ಅಷ್ಟೆ.

ಹೋದ ಐತವಾರ ಬನಹಟ್ಟಿಗೆ ಹೋಗಿದ್ದೆ. ಕಾಕಾನ ಹೆಂಡತಿ ಸಿದ್ದಕ್ಕ ಮೊದಲಿನಂತೆಯೇ ಇದ್ದಾಳೆ, ಕಣ್ಣು ಮಾತ್ರ ಮಂಜಾಗಿವೆ. ಮಗ್ಗ ನಿಂತಿವೆ. ಎಲ್ಲವನ್ನೂ ಹೇಳಿದೆ. ಅವಳು ಒಳಗೆ ಹೋಗಿ ಸೆಟ್ಟಿನ ಪೆಟ್ಟಿಗೆ ತಂದಳು. ಕರಿ ವಜೀರನ ಜಾಗದಲ್ಲಿ ಒಂದು ಕಂಡಿಕೆ, ಮಗ್ಗದ ಲಾಳಿಯೊಳಗೆ ಹಾಕುವ ನೂಲಿನ ಕೊಳವೆ. ಕಾಕಾ ಅದಕ್ಕೆ ಕರಿ ನೂಲು ಸುತ್ತಿ ತುದಿಗೆ ಗಂಟು ಹಾಕಿದ್ದಾನೆ. ಇಪ್ಪತ್ತು ವರ್ಷ ಹುಡುಗರು ಅದರಿಂದಲೇ ಆಡಿದ್ದಾರೆ. ಕಂಡಿಕೆಯ ನೂಲು ಬೆರಳು ತಾಗಿ ತಾಗಿ ನುಣುಪಾಗಿದೆ.

ನಾನು ವಜೀರನನ್ನು ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ.

"ನನ್ನ ಕೈಯಾಗ ಯಾಕ ಕೊಡ್ತೀಯೋ ಶಿವಯೋಗಿ? ನಾ ಏನ ಕಳಕೊಂಡೇನಿ? ಒಂದ ಕಂಡಿಕಿ ಹೋತು, ಅಷ್ಟ. ಕಿಸೆ ಝಾಡಿಸಿ ತೋರ್ಸಿದಾಂವ ಅದಾನಲ್ಲ, ಅವಗ ಕೊಡು" ಅಂದಳು. ಆಮೇಲೆ ಪೆಟ್ಟಿಗೆಯನ್ನೂ ನನ್ನ ಕಡೆ ಸರಿಸಿದಳು. "ಇದನ್ನೂ ಒಯ್ಯಿ. ಅವರು ಕಡೀಕ ಕಡೀಕ ಅಂತಿದ್ರು, ದುರಗ್ಯಾ ಆಡಿದಂಗ ಯಾರೂ ಆಡಲಿಲ್ಲಂತ. ಕರದು ಕೇಳಾಕ ಅವರಿಗೂ ನಾಚಿಕಿ." ಚಹಾ ಮಾಡಿಕೊಟ್ಟಳು. ಬಸಿಗೆ ಸುರಿದುಕೊಂಡದ್ದನ್ನು ಹಾಗೇ ಬಿಟ್ಟು ಬಂದೆ.

ಪುಸ್ತಿಕೆಗೆ ಬರಹ ಕೊಟ್ಟಿದ್ದೇನೆ. ನಿನ್ನ ಹಾಳೆಯಲ್ಲಿದ್ದಂತೆ ಎಲ್ಲ ನಡೆ, ನಿನ್ನ ಎರಡೂ ವಿಶ್ಲೇಷಣೆ ನಿನ್ನ ಹೆಸರಿನಲ್ಲಿ. ಬಸವಕುಮಾರ ಫೋನ್ ಮಾಡಿ, "ಸರ್, ಕಡೀ ಭಾಗ ತಗದ ಬಿಡೂಣ್ರಿ, ನಿಮ್ಮ ಹೆಸರು ಕೆಡತೈತಿ" ಅಂದ. ಒಂದಕ್ಷರ ತೆಗೆದರೆ ಇಡೀ ಬರಹ ವಾಪಸು ತಗೊಳ್ಳುತ್ತೇನೆ ಅಂದೆ. ಆ ಕಡೆಯ ಭಾಗ ಹೀಗಿದೆ:

"ಐವತ್ತೆರಡನೆಯ ನಡೆಯಲ್ಲಿ ಕರಿಯವನು ಗೆದ್ದಿದ್ದ. ಅವನಿಗೆ ವಜೀರ ಸಿಗಲಿಲ್ಲ, ಏಕೆಂದರೆ ವಜೀರ ಬಿಳಿಯವನ ಎಡಗೈಯಲ್ಲಿದ್ದ. ಬಿಳಿಯವನಿಗೆ ಅದು ಗೊತ್ತಿತ್ತು. ಕಾಯಿ ಕದ್ದ ಎಂಬ ಮಾತು ಕರಿಯವನ ಮೇಲೆ ಬಂದಾಗಲೂ ಬಿಳಿಯವನು ಬಾಯಿ ಬಿಡಲಿಲ್ಲ. ಬಿಳಿಯವನು ನಾನು."

ಅದನ್ನು ವೈಶಾಲಿಗೆ ಮೊದಲೇ ಓದಲು ಕೊಟ್ಟೆ. ಓದಿ ಮುಗಿಸಿ ಶೋಕೇಸು ತೆರೆದು ಡಾಲು ಕೆಳಗಿಳಿಸಿ, "ಪಪ್ಪಾ, ಇದನ್ನ ಎಲ್ಲಿ ಇಡ್ಲಿ?" ಅಂದಳು. ಅದು ಈಗ ಬಾಗಿಲ ಹಿಂದೆ ನೆಲದ ಮೇಲಿದೆ. ಅವಳು ಎರಡು ದಿನದಿಂದ ನನ್ನ ಜೊತೆ ಚೆಸ್ಸಿಗೆ ಕೂತಿಲ್ಲ.

ವಜೀರನನ್ನೂ ಪೆಟ್ಟಿಗೆಯನ್ನೂ ಪಾರ್ಸೆಲ್ ಮಾಡಲೇ? ನಾನೇ ಬಂದರೆ ನಿನಗೆ ಮುಜುಗರವಾದೀತು ಅಂತ ಕೇಳುತ್ತಿದ್ದೇನೆ. ಇಲ್ಲ, ಅದೂ ಸುಳ್ಳು. ನಿನ್ನೆದುರು ನಿಲ್ಲಲು ನನಗೆ ಹೆದರಿಕೆ.

ಶಿವಯೋಗಿ

*

ತಿಮ್ಮಾಪುರ
11-3-2025

ಶಿವ್ಯಾ,

ಪಾರ್ಸೆಲ್ ಬ್ಯಾಡ. ಐತವಾರ ನಾಯಿಗೋಳ ಊಟ ಹನ್ನೊಂದಕ್ಕ ಮುಗಿತೈತಿ. ಪೆಟ್ಟಿಗಿ ತಗೊಂಡ ಬಾ. ವಜೀರಗ ಹತ್ತಿದ ವಿಭೂತಿ ಒರಸಬ್ಯಾಡ, ನಾ ನೋಡಬೇಕು.

ಹೊಸಾ ಆಟ ಹಚ್ಚೂದಿಲ್ಲ. ಐವತ್ತೆರಡನೇ ನಡಿಗೆ ಹಚ್ಚು. ನಿನ್ನ ರಾಜ ಎ6, ವಜೀರ ಬಿ8. ಎರಡೂ ಕೈ ಮೇಜಿನ ಮ್ಯಾಲ ಇಟ್ಟ ಕುಂದ್ರಲೇ. ಎಫ್1ರಾಗ ಈ ಸಲ ಖರೇ ವಜೀರನ್ನ ಇಡ್ತೇನಿ. ಮಾತಾಡೂದು ಏನಿದ್ರೂ ಆಟ ಮುಗದಮ್ಯಾಲ.

ನಿನ್ನ ರಾಜಗ ಶಹ ಐತಿ.

ದುರಗ್ಯಾ